ಯಾರ ಮಾತಿನಲ್ಲಿ ಹುಡುಕುವುದು?

ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬರುವ ಜನರಿಗೂ ಜ್ವರ ಹಿಡಿಯಿತು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎಂದರು. ವೈದ್ಯಕೀಯ ಪುಸ್ತಕಗಳಲ್ಲಿ ಅದು ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಆರೋಗ್ಯ ಇಲಾಖೆಯ ಕಡತಗಳಲ್ಲಿ ಕೆಎಫ್‌ಡಿ, ವೈರಾಣು ತಜ್ಞರ ಬರಹದಲ್ಲಿ ಕೆಎಫ್‌ಡಿವಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ಮಂಕಿ ಫೀವರ್. ಈ ರೋಗದ ಮೇಲೆ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿ ಗ್ರಂಥಾಲಯದ ಡೇಟಾಬೇಸ್ ತೆರೆದಾಗ ಖಾಲಿ ಚೌಕದಲ್ಲಿ ಯಾವ ಹೆಸರು ಟೈಪ್ ಮಾಡಬೇಕು? ಊರವರು ಕರೆಯುವ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ‘ಮಂಕಿ’ ಎಂದು ಹೊಡೆದರೆ ಮಂಕಿಪಾಕ್ಸ್ ಬರುತ್ತದೆ, ಪ್ರಯೋಗಾಲಯದ ಕೋತಿಗಳ ಮೇಲಿನ ಪ್ರಬಂಧಗಳು ರಾಶಿ ಬೀಳುತ್ತವೆ. ಕನ್ನಡದಲ್ಲಿ ಹುಡುಕಿದರೆ ಮಂಗನ ಬಾವು ಅಡ್ಡ ಬರುತ್ತದೆ. ಅದು ಮಂಪ್ಸ್, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ದೇಶದ 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡಿವೆ. ‘ಆ ಜರ್ನಲ್ ನಮ್ಮಲ್ಲಿಗೆ ಬರಲ್ಲ’ ಎಂಬ ದೂರು ತಗ್ಗುತ್ತಿದ್ದಂತೆ, ಬಂದದ್ದರಲ್ಲಿ ಬೇಕಾದದ್ದನ್ನು ಹೆಕ್ಕುವುದು ಹೇಗೆಂಬ ಪ್ರಶ್ನೆ ಮುಂದಕ್ಕೆ ಬಂದಿದೆ. ಗ್ರಂಥಾಲಯಗಳು ಹಂಚುವ ಕೈಪಿಡಿಗಳಲ್ಲಿ ಉತ್ತರ ಸಲೀಸು: ವಿಷಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಮುಖ್ಯ ಪದಗಳಿಗೆ ಗೆರೆ ಹಾಕಿ, ಪರ್ಯಾಯ ಪದ ಸೇರಿಸಿ, ಹುಡುಕಿ. ಸಲಹೆ ತಪ್ಪೇನಲ್ಲ. ಆದರೆ ಅದರ ಬೆನ್ನಿಗೆ ನೂರೈವತ್ತು ವರ್ಷಗಳ ಜಗಳವೊಂದಿದೆ, ಕೈಪಿಡಿ ಅದನ್ನು ಹೇಳುವುದಿಲ್ಲ. ಬರೆದವರ ಮಾತಿನಲ್ಲಿ ಹುಡುಕಬೇಕೋ, ಓದುವವರ ಮಾತಿನಲ್ಲೋ, ಇಬ್ಬರ ನಡುವೆ ಕುಳಿತು ಪಟ್ಟಿ ಮಾಡಿದವರ ಮಾತಿನಲ್ಲೋ ಎಂಬುದೇ ಆ ಜಗಳ.

ಕಾರ್ಡಿನ ಕಾಲ

ಪುಸ್ತಕದ ಶೀರ್ಷಿಕೆಯಲ್ಲಿರುವ ಪದಗಳನ್ನೇ ಹಿಡಿದು ಸೂಚಿ ಮಾಡಬಹುದೆಂದು ವಾದಿಸಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಇಟಲಿಯ ಆಂದ್ರೆಯಾ ಕ್ರೆಸ್ತದೋರೊ. 1856ರಲ್ಲಿ ಅವನು ಕ್ಯಾಟಲಾಗು ಮಾಡುವ ಕಲೆಯ ಬಗ್ಗೆ ಕಿರುಹೊತ್ತಗೆ ಬರೆದ. ಎಂಟು ವರ್ಷದ ಮೇಲೆ ಮ್ಯಾಂಚೆಸ್ಟರ್ ಸಾರ್ವಜನಿಕ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಅದನ್ನು ಮಾಡಿಯೂ ತೋರಿಸಿದ. ಲೇಖಕ ಏನೆಂದು ಕರೆದನೋ ಅದೇ ಸೂಚಿಯ ಪದ.

ಅಮೆರಿಕದ ಚಾರ್ಲ್ಸ್ ಆಮಿ ಕಟರ್ 1876ರಲ್ಲಿ ತಂದ ನಿಯಮಗಳು ಇದಕ್ಕೆ ಎದುರಾಗಿ ನಿಂತವು. ಒಂದೇ ವಿಷಯದ ಪುಸ್ತಕಗಳು ಹತ್ತು ಹೆಸರಿನಡಿ ಚದುರಿದರೆ ಓದುಗ ಹತ್ತು ಕಡೆ ಅಲೆಯಬೇಕು. ಆದ್ದರಿಂದ ಒಂದು ವಿಷಯಕ್ಕೆ ಒಂದೇ ಶೀರ್ಷಿಕೆ, ಉಳಿದ ಹೆಸರುಗಳಿಂದ ಅಲ್ಲಿಗೆ ‘ನೋಡಿ’ ಎಂಬ ಕೈಮರ. ಶೀರ್ಷಿಕೆ ವಿಷಯದಷ್ಟೇ ನಿರ್ದಿಷ್ಟವಾಗಿರಬೇಕು: ಬೆಕ್ಕಿನ ಮೇಲಿನ ಪುಸ್ತಕ ‘ಬೆಕ್ಕು’ ಎಂಬಲ್ಲಿರಬೇಕು, ‘ಪ್ರಾಣಿಗಳು’ ಎಂಬಲ್ಲಿ ಅಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1898ರಿಂದ ಬೆಳೆಸುತ್ತ ಬಂದ ವಿಷಯ ಶೀರ್ಷಿಕೆಗಳ ಪಟ್ಟಿ ಈ ವಿಚಾರದ ದೊಡ್ಡ ಫಲ. ಇವತ್ತಿಗೂ ಡೇಟಾಬೇಸ್‌ನಲ್ಲಿ ತೀರ ಅಗಲದ ಪದ ಹಾಕಿ ಲಕ್ಷಗಟ್ಟಲೆ ಫಲಿತಾಂಶಗಳ ಮುಂದೆ ಕಂಗಾಲಾಗುವವರು ಕಟರ್‌ನ ಆ ಹಳೆಯ ನಿಯಮವನ್ನೇ ಮುರಿದಿರುತ್ತಾರೆ.

ಒಪ್ಪಿತ ಪದಗಳ ಪಕ್ಷ

ಕಟರ್‌ನ ದಾರಿಯನ್ನು ಕಂಪ್ಯೂಟರ್ ಯುಗಕ್ಕೆ ದಾಟಿಸಿದ್ದು ಮುಖ್ಯವಾಗಿ ವೈದ್ಯಕೀಯ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಲ್ಲಿ ‘ಮೆಶ್’ ಎಂಬ ವೈದ್ಯಕೀಯ ವಿಷಯ ಶೀರ್ಷಿಕೆಗಳ ಪಟ್ಟಿಯನ್ನು ಪ್ರಕಟಿಸಿತು. ಶಿಕ್ಷಣ ಕ್ಷೇತ್ರಕ್ಕೆ 1966ರಿಂದ ‘ಎರಿಕ್’ ಅಂಥದೇ ಪಟ್ಟಿ ಕಟ್ಟಿತು. ಇವುಗಳಲ್ಲಿ ಪ್ರತಿ ಪದಕ್ಕೂ ಮೇಲಿನ ಪದ, ಕೆಳಗಿನ ಪದ, ನೆಂಟಪದಗಳಿವೆ.

ನಮ್ಮ ಮಂಗನ ಕಾಯಿಲೆ ಮೆಶ್‌ನಲ್ಲಿ ಕ್ಯಾಸನೂರಿನ ಹೆಸರಲ್ಲೇ ಸ್ವಂತ ಶೀರ್ಷಿಕೆ ಪಡೆದಿದೆ. ಲೇಖಕರು ಯಾವ ಹೆಸರಿನಿಂದಾದರೂ ಬರೆಯಲಿ, ಸೂಚಿ ಮಾಡುವವರು ಆ ಪ್ರಬಂಧವನ್ನು ಈ ಶೀರ್ಷಿಕೆಯಡಿ ತಂದಿಡಬೇಕು. ಪಬ್‌ಮೆಡ್ ಎಂಬ ವೈದ್ಯಕೀಯ ಡೇಟಾಬೇಸ್‌ನಲ್ಲಿ ಹುಡುಕುವಾಗ ನಾವು ಹಾಕಿದ ಪದವನ್ನು ಅದು ತಾನಾಗಿಯೇ ಒಪ್ಪಿತ ಶೀರ್ಷಿಕೆಗೆ ಹೊಂದಿಸಲು ನೋಡುತ್ತದೆ. ಮೇಲಿನ ಶೀರ್ಷಿಕೆಯೊಂದನ್ನು, ಉದಾಹರಣೆಗೆ ಉಣುಗುಗಳಿಂದ ಹರಡುವ ರೋಗಗಳು ಎಂಬುದನ್ನು, ಕೊಟ್ಟರೆ ಅದರ ಕೆಳಗಿನ ರೋಗಗಳೆಲ್ಲ ಜೊತೆಯಲ್ಲಿ ಬರುತ್ತವೆ. ಇದರ ಬೆಲೆ ತಿಳಿಯುವುದು ವಿಷಯ ಗಡಿ ದಾಟಿದಾಗ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಕಂಡುಬಂದ ಒಂದು ವೈರಾಣು ಕ್ಯಾಸನೂರಿನದಕ್ಕೆ ತೀರ ಹತ್ತಿರದ ಬಂಧು. ಅದರ ಹೆಸರು ಅಲ್‌ಖುರ್ಮಾ ಎಂದೋ ಅಲ್‌ಖುಮ್ರಾ ಎಂದೋ ಎಂಬ ಬಗ್ಗೆ ತಜ್ಞರಲ್ಲೇ ತಕರಾರಿದೆ. ‘ಕ್ಯಾಸನೂರು’ ಎಂದಷ್ಟೇ ಹುಡುಕುವವರು ಆ ಸಾಹಿತ್ಯವನ್ನು ಕಳೆದುಕೊಳ್ಳಬಹುದು. ಒಂದು ಮೆಟ್ಟಿಲು ಮೇಲಿನ ಶೀರ್ಷಿಕೆಯಿಂದ ಇಳಿದು ಬರುವವರಿಗೆ ಅದು ಸಿಗುವ ಸಂಭವ ಹೆಚ್ಚು.

ಈ ಪಕ್ಷದ ಮೇಲಿನ ಆಕ್ಷೇಪಗಳೂ ಸಣ್ಣವಲ್ಲ. ಪಟ್ಟಿ ನಿಧಾನ, ಹೊಸ ವಿಷಯ ಹುಟ್ಟಿ ಎಷ್ಟೋ ಕಾಲದ ಮೇಲೆ ಅದಕ್ಕೆ ಶೀರ್ಷಿಕೆ ಸಿಗುತ್ತದೆ. ಜೊತೆಗೆ ಪಟ್ಟಿ ಮಾಡುವವರ ಕಣ್ಣು ಪಟ್ಟಿಯಲ್ಲಿ ಕೂರುತ್ತದೆ. ಅಮೆರಿಕದ ಗ್ರಂಥಪಾಲಕ ಸ್ಯಾನ್‌ಫರ್ಡ್ ಬರ್ಮನ್ 1971ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಶೀರ್ಷಿಕೆಗಳೊಳಗಿನ ಪೂರ್ವಗ್ರಹಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಒಂದು ಪುಸ್ತಕವನ್ನೇ ಬರೆದ. ‘ಇಲ್ಲೀಗಲ್ ಏಲಿಯನ್ಸ್’ ಎಂಬ ಶೀರ್ಷಿಕೆಯ ವಿರುದ್ಧ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು 2014ರಲ್ಲಿ ದನಿ ಎತ್ತಿದರು. 2016ರಲ್ಲಿ ಬದಲಾವಣೆ ಘೋಷಣೆಯಾಯಿತು, ಅಮೆರಿಕದ ಸಂಸತ್ತಿನಲ್ಲೇ ಅದಕ್ಕೆ ಅಡ್ಡಿ ಬಂತು, ಕೊನೆಗೆ ಬದಲಾದದ್ದು 2021ರಲ್ಲಿ. ನಮಗೆ ಹತ್ತಿರದ ಉದಾಹರಣೆಯೆಂದರೆ, ಇಂದು ‘ದಲಿತ್ಸ್’ ಎಂದಿರುವ ಶೀರ್ಷಿಕೆಯ ಜಾಗದಲ್ಲಿ ಹಿಂದೆ ‘ಅನ್‌ಟಚಬಲ್ಸ್’ ಎಂದಿತ್ತು.

ಇಲ್ಲಿ ಸಂಶೋಧಕರಿಗೊಂದು ಇಕ್ಕಟ್ಟಿದೆ. ಶೀರ್ಷಿಕೆ ಸುಧಾರಿಸಿದರೂ ಹಳೆಯ ಪಠ್ಯಗಳ ಒಳಗಿನ ಮಾತು ಬದಲಾಗುವುದಿಲ್ಲ. 1920ರ ದಶಕದ ಮೈಸೂರು ಸಂಸ್ಥಾನದ ದಲಿತರ ಶಿಕ್ಷಣದ ಬಗ್ಗೆ ಕೆಲಸ ಮಾಡುವವರು ‘ದಲಿತ’ ಎಂದಷ್ಟೇ ಹುಡುಕಿದರೆ ಆ ಕಾಲದ ದಾಖಲೆಗಳು ಸುಮ್ಮನಿರುತ್ತವೆ. ಪಂಚಮ, ಆದಿ ಕರ್ನಾಟಕ, ಡಿಪ್ರೆಸ್ಡ್ ಕ್ಲಾಸಸ್ ಎಂದು ಹುಡುಕಬೇಕು. ಮುಂದಿನ ದಶಕಗಳಿಗೆ ಹರಿಜನ, ಷೆಡ್ಯೂಲ್ಡ್ ಕ್ಯಾಸ್ಟ್ಸ್ ಎಂದು. ಬಾಯಲ್ಲಿ ಆಡಲಾಗದ ಪದವನ್ನೂ ಹುಡುಕಾಟದ ಚೌಕಕ್ಕೆ ಹಾಕಲೇಬೇಕಾಗುತ್ತದೆ. ಕೀವರ್ಡ್ ಎಂದರೆ ನಮ್ಮ ನಿಲುವಿನ ಘೋಷಣೆ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಬೆಂಗಳೂರಿನ ಪಾಲು

ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ಹೆಸರು ಕೀವರ್ಡ್ ಕೈಪಿಡಿಗಳಲ್ಲಿ ಕಾಣುವುದು ಅಪರೂಪ. ನನ್ನ ಮಟ್ಟಿಗೆ ಆ ಕೈಪಿಡಿಗಳ ತಿರುಳು ಅವರದೇ. 1933ರ ಕೋಲನ್ ವರ್ಗೀಕರಣದಲ್ಲಿ ಅವರು ಯಾವುದೇ ವಿಷಯವನ್ನು ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ವಿಧಾನ ತಂದರು. ಯಾವ ವಸ್ತು, ಯಾವ ಗುಣ ಅಥವಾ ದ್ರವ್ಯ, ಅದರ ಮೇಲೆ ಏನು ನಡೆಯುತ್ತಿದೆ, ಎಲ್ಲಿ, ಯಾವಾಗ ಎಂಬ ಐದು ಕೋನಗಳು ಮುಂದೆ ಅದರಿಂದಲೇ ಬೆಳೆದು ಬಂದವು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಭಾಗವಾಗಿ, ಈ ವಿಚಾರವನ್ನು ಮುಂದುವರಿಸಿತು. ವಿಷಯ ಸೂಚಿಗಾಗಿ ಅಲ್ಲಿ ಜಿ. ಭಟ್ಟಾಚಾರ್ಯ ರೂಪಿಸಿದ ‘ಪಾಪ್ಸಿ’ ಪದ್ಧತಿಯ ಬೇರೂ ಇಲ್ಲೇ ಇದೆ. ವೈದ್ಯಕೀಯದಲ್ಲಿ 1995ರಿಂದ ಪ್ರಚಾರಕ್ಕೆ ಬಂದ ‘ಪೀಕೊ’ ಎಂಬ ಸೂತ್ರವೂ (ರೋಗಿ, ಚಿಕಿತ್ಸೆ, ಹೋಲಿಕೆ, ಪರಿಣಾಮ) ಇದೇ ಬಗೆಯ ಬಿಡಿಸುವಿಕೆ.

ಕಾಡು ಕಡಿದು ಅಡಿಕೆ ತೋಟ ಹಬ್ಬಿದ್ದಕ್ಕೂ ಮಂಗನ ಕಾಯಿಲೆಗೂ ಏನು ನಂಟು ಎಂಬ ಪ್ರಶ್ನೆ ತೆಗೆದುಕೊಳ್ಳೋಣ. ಒಂದು ಮುಖ ರೋಗ: ಕ್ಯಾಸನೂರು, ಕೆಎಫ್‌ಡಿ, ಕೆಎಫ್‌ಡಿವಿ, ಮಂಕಿ ಫೀವರ್. ಇನ್ನೊಂದು ಮುಖ ನೆಲದ ಬಳಕೆಯ ಬದಲಾವಣೆ: ಡಿಫಾರೆಸ್ಟೇಶನ್, ಫಾರೆಸ್ಟ್ ಲಾಸ್, ಫ್ರ್ಯಾಗ್‌ಮೆಂಟೇಶನ್, ಲ್ಯಾಂಡ್ ಯೂಸ್, ಪ್ಲಾಂಟೇಶನ್, ಜೊತೆಗೆ ಅಡಿಕೆಯ ಮೂರು ನಾಲ್ಕು ಇಂಗ್ಲಿಷ್ ಹೆಸರುಗಳು ಮತ್ತು ಅರೇಕಾ ಕಟೆಚು ಎಂಬ ಶಾಸ್ತ್ರೀಯ ನಾಮ. ಒಂದು ಮುಖದೊಳಗಿನ ಪದಗಳನ್ನು ‘ಆರ್’ನಿಂದ, ಮುಖ ಮುಖಗಳನ್ನು ‘ಆ್ಯಂಡ್’ನಿಂದ ಕಟ್ಟಬೇಕು. ಎರಡು ಪದ ಒಟ್ಟಿಗೇ ಬರಬೇಕಿದ್ದರೆ ಉದ್ಧರಣ ಚಿಹ್ನೆ. ಪದದ ಬಾಲ ಬದಲಾಗುವಂತಿದ್ದರೆ ಕೊನೆಗೊಂದು ನಕ್ಷತ್ರ.

ಮೂರನೆಯ ಮುಖ ಸ್ಥಳ. ಬಹುಪಾಲು ವಿದ್ಯಾರ್ಥಿಗಳು ‘ಕರ್ನಾಟಕ’ ಸೇರಿಸುವುದು ಇಲ್ಲೇ, ಹುಡುಕಾಟ ಕೆಡುವುದೂ ಇಲ್ಲೇ. ರೋಗದ ಹೆಸರಿನಲ್ಲೇ ಸ್ಥಳವಿದೆ. ಮೇಲಾಗಿ 1973ರ ನವೆಂಬರ್‌ಗೆ ಮೊದಲಿನ ಪ್ರಬಂಧಗಳಲ್ಲಿ ರಾಜ್ಯದ ಹೆಸರು ಮೈಸೂರು. ಶಿವಮೊಗ್ಗದ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾಯಿತು, ಉತ್ತರ ಕನ್ನಡ ಹಳೆಯ ಬರಹಗಳಲ್ಲಿ ನಾರ್ತ್ ಕೆನರಾ. ಈಗ ರೋಗ ವಯನಾಡಿನಲ್ಲೂ ಗೋವಾದಲ್ಲೂ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ‘ಆ್ಯಂಡ್ ಕರ್ನಾಟಕ’ ಎಂದು ಕಟ್ಟಿದ ಕ್ಷಣ ಇವೆಲ್ಲ ಹೊರಗುಳಿಯುತ್ತವೆ. ಬಿಡಿಸುವುದು ಎಲ್ಲರೂ ಕಲಿಸುವ ವಿದ್ಯೆ. ಯಾವ ಮುಖವನ್ನು ಹುಡುಕಾಟದಿಂದ ಕೈಬಿಡಬೇಕೆಂಬ ತೀರ್ಮಾನವೇ ನಿಜವಾದ ಕಸುಬು, ಅದು ವಿಷಯ ಬಲ್ಲವರಿಗೆ ಮಾತ್ರ ಬರುತ್ತದೆ. ‘ನಾಟ್’ ಬಳಕೆಗೂ ಇದೇ ಎಚ್ಚರಿಕೆ: ಮಂಕಿಪಾಕ್ಸ್ ಬೇಡವೆಂದು ಅದನ್ನು ತೆಗೆದುಹಾಕಿದರೆ, ಎರಡೂ ರೋಗಗಳನ್ನು ಹೆಸರಿಸಿದ ಒಳ್ಳೆಯ ಪ್ರಬಂಧವೂ ಹೋಗುತ್ತದೆ.

ಬರೆದವರ ಮಾತೇ ಸಾಕೆಂದವರು

ಎರಡನೆಯ ಮಹಾಯುದ್ಧದ ನಂತರ ವೈಜ್ಞಾನಿಕ ವರದಿಗಳ ಪ್ರವಾಹ ಬಂದಾಗ ಪಟ್ಟಿಗಳ ತಾಳ್ಮೆ ಯಾರಿಗೂ ಉಳಿಯಲಿಲ್ಲ. 1950ರ ದಶಕದ ಆರಂಭದಲ್ಲಿ ಮಾರ್ಟಿಮರ್ ಟೌಬೆ, ದಾಖಲೆಯಿಂದಲೇ ಹೆಕ್ಕಿದ ಬಿಡಿ ಪದಗಳ ‘ಯೂನಿಟರ್ಮ್’ ಪದ್ಧತಿ ತಂದ. ಐಬಿಎಂನ ಹಾನ್ಸ್ ಪೀಟರ್ ಲೂನ್ ಆ ದಶಕದ ಕೊನೆಗೆ, ಶೀರ್ಷಿಕೆಯ ಪ್ರತಿ ಪದವನ್ನೂ ಅಕ್ಷರಕ್ರಮದಲ್ಲಿ ತಿರುಗಿಸಿ ಮುದ್ರಿಸುವ ‘ಕ್ವಿಕ್’ ಸೂಚಿಯನ್ನು ಯಂತ್ರದಿಂದ ಮಾಡಿಸಿದ. ಕ್ರೆಸ್ತದೋರೊನ ಮಾತು ನೂರು ವರ್ಷದ ಮೇಲೆ ಗೆದ್ದಂತಾಯಿತು.

ವಾದ ಪರೀಕ್ಷೆಗೆ ಬಂದದ್ದು ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ. ವೈಮಾನಿಕ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1957ರಿಂದ ನಡೆಸಿದ ಮೊದಲ ಪ್ರಯೋಗದಲ್ಲಿ 18,000 ದಾಖಲೆಗಳ ಮೇಲೆ ನಾಲ್ಕು ಪದ್ಧತಿಗಳು ಸ್ಪರ್ಧಿಸಿದವು, ರಂಗನಾಥನ್ ಮಾದರಿಯ ಮುಖ ವರ್ಗೀಕರಣವೂ ಅದರಲ್ಲೊಂದು. ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತವು. 1,400 ದಾಖಲೆಗಳ ಎರಡನೆಯ ಪ್ರಯೋಗದ ವರದಿ 1966ರಲ್ಲಿ ಬಂದಾಗ ಗ್ರಂಥಾಲಯ ಲೋಕ ಬೆಚ್ಚಿತು: ದಾಖಲೆಯ ಬಿಡಿ ಪದಗಳೇ ನಯಗೊಳಿಸಿದ ಪಟ್ಟಿಗಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಹುಡುಕಾಟವನ್ನು ಎರಡು ಅಳತೆಗಳಲ್ಲಿ ತೂಗುವ ರೂಢಿಯನ್ನು ನೆಲೆಗೊಳಿಸಿದ್ದೂ ಇದೇ ಪ್ರಯೋಗ. ಸಿಗಬೇಕಾದದ್ದರಲ್ಲಿ ಎಷ್ಟು ಸಿಕ್ಕಿತು ಎಂಬುದು ರಿಕಾಲ್. ಸಿಕ್ಕಿದ್ದರಲ್ಲಿ ಎಷ್ಟು ಬೇಕಾದದ್ದು ಎಂಬುದು ಪ್ರಿಸಿಷನ್. ಒಂದನ್ನು ಎಳೆದರೆ ಸಾಮಾನ್ಯವಾಗಿ ಇನ್ನೊಂದು ಕುಸಿಯುತ್ತದೆ. ಪಟ್ಟಿಯ ಪಕ್ಷದ ಹೆಮ್ಮೆಯಾಗಿದ್ದ, ಮೆಶ್ ಆಧರಿಸಿದ ಮೆಡ್ಲಾರ್ಸ್ ಎಂಬ ಕಂಪ್ಯೂಟರ್ ಹುಡುಕಾಟ ವ್ಯವಸ್ಥೆಯನ್ನು ಎಫ್. ಡಬ್ಲ್ಯು. ಲ್ಯಾಂಕಾಸ್ಟರ್ ಅಳೆದಾಗ ಸರಾಸರಿ ರಿಕಾಲ್ ಶೇ 58ರ ಆಸುಪಾಸಿನಲ್ಲಿತ್ತು, ಪ್ರಿಸಿಷನ್ ಶೇ 50.

ಸಹಜ ಪದಗಳ ಪಕ್ಷಕ್ಕೆ ಬಿದ್ದ ದೊಡ್ಡ ಪೆಟ್ಟು 1985ರದು. ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಒಂದು ದೊಡ್ಡ ಮೊಕದ್ದಮೆಯ ಸುಮಾರು 40,000 ದಾಖಲೆಗಳನ್ನು, ಪೂರ್ತಿ ಪಠ್ಯದಲ್ಲಿ ಹುಡುಕುವ ವ್ಯವಸ್ಥೆಯ ಮೂಲಕ ವಕೀಲರು ಹೇಗೆ ಜಾಲಾಡಿದರೆಂದು ನೋಡಿದರು. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆಯೆಂದು ವಕೀಲರು ನಂಬಿದ್ದರು. ವಾಸ್ತವದಲ್ಲಿ ಸಿಕ್ಕಿದ್ದು ಶೇ 20ರಷ್ಟು. ಒಂದು ಕಡೆಯವರು ‘ಅಪಘಾತ’ ಎಂದದ್ದನ್ನು ಇನ್ನೊಂದು ಕಡೆಯವರು ‘ಘಟನೆ’, ‘ಪರಿಸ್ಥಿತಿ’, ‘ತೊಂದರೆ’ ಎಂದೆಲ್ಲ ಬರೆದಿದ್ದರು. ಜಾಣರು ತಪ್ಪು ಒಪ್ಪಿಕೊಳ್ಳದೆ ಬರೆಯುವಾಗ ಪದ ಹೇಗೆ ಜಾರುತ್ತದೆಂದು ಕಚೇರಿ ಪತ್ರವ್ಯವಹಾರ ಬಲ್ಲ ಯಾರಿಗೂ ಗೊತ್ತು. ಎರಡು ವರ್ಷದ ಮೇಲೆ ಜಾರ್ಜ್ ಫರ್ನಸ್ ಮತ್ತು ಸಂಗಡಿಗರು ಇದಕ್ಕೆ ಅಂಕಿಯ ಆಧಾರ ಕೊಟ್ಟರು: ಒಂದೇ ವಸ್ತುವಿಗೆ ಇಬ್ಬರು ಒಂದೇ ಪದ ಆರಿಸುವ ಸಾಧ್ಯತೆ ಶೇ 20ಕ್ಕಿಂತ ಕಡಿಮೆ.

ಹುಡುಕುತ್ತ ಪದ ಕಲಿಯುವುದು

ಮೂರನೆಯ ಗುಂಪಿನವರು ಪ್ರಶ್ನೆಯನ್ನೇ ತಿರುಗಿಸಿದರು. ಹುಡುಕುವವರಿಗೆ ತಮಗೇನು ಬೇಕೆಂದು ಮೊದಲೇ ಗೊತ್ತಿರುತ್ತದೆಯೇ? ರಾಬರ್ಟ್ ಟೇಲರ್ 1968ರಲ್ಲಿ, ಓದುಗ ಗ್ರಂಥಪಾಲಕರ ಮುಂದಿಡುವ ಪ್ರಶ್ನೆ ನಾಲ್ಕನೆಯ ಹಂತದ್ದು ಎಂದ. ಅದಕ್ಕೂ ಮೊದಲು ಹೇಳಲಾಗದ ಒಂದು ಕೊರತೆಯ ಭಾವ, ಆಮೇಲೆ ಮಸುಕಾದ ಅರಿವು, ಆಮೇಲೆ ಸ್ಪಷ್ಟ ಪ್ರಶ್ನೆ; ಕೊನೆಗೆ ವ್ಯವಸ್ಥೆ ಇಷ್ಟನ್ನೇ ಕೊಟ್ಟೀತು ಎಂದು ಅಳೆದು ಕತ್ತರಿಸಿಕೊಂಡ ಪ್ರಶ್ನೆ. ನಿಕೋಲಸ್ ಬೆಲ್ಕಿನ್ 1980ರಲ್ಲಿ ಇದನ್ನೇ ಇನ್ನಷ್ಟು ಚೂಪಾಗಿ ಹೇಳಿದ: ತಿಳಿಯದ್ದನ್ನು ತಿಳಿಯದ್ದರ ಹೆಸರಿನಿಂದಲೇ ಕೇಳಬೇಕಾದ ಪೇಚು ಹುಡುಕುವವರದು.

ಮಾರ್ಷಿಯಾ ಬೇಟ್ಸ್ 1989ರಲ್ಲಿ ಇದಕ್ಕೊಂದು ಚಿತ್ರ ಕೊಟ್ಟಳು. ಸಂಶೋಧಕರು ಪೊದೆಯಿಂದ ಪೊದೆಗೆ ಹೋಗಿ ಒಂದೊಂದೇ ಹಣ್ಣು ಬಿಡಿಸುವವರಂತೆ. ಒಂದು ಪ್ರಬಂಧ ಹೊಸ ಪದ ಕೊಡುತ್ತದೆ, ಆ ಪದ ಇನ್ನೊಂದು ಪ್ರಬಂಧಕ್ಕೆ ಒಯ್ಯುತ್ತದೆ, ದಾರಿಯಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಯೂಜೀನ್ ಗಾರ್‌ಫೀಲ್ಡ್ ಇನ್ನೂ ಮುಂದೆ ಹೋಗಿ, 1955ರಲ್ಲೇ ಪದಗಳನ್ನು ಬಿಟ್ಟು ಉಲ್ಲೇಖಗಳ ಎಳೆ ಹಿಡಿಯೋಣ ಎಂದಿದ್ದ. 1964ರ ಹೊತ್ತಿಗೆ ಅವನ ವಿಜ್ಞಾನ ಉಲ್ಲೇಖ ಸೂಚಿ ನಿಯಮಿತವಾಗಿ ಬರತೊಡಗಿತು.

ಇದಕ್ಕೆ ಬಲವಾದ ಸಾಕ್ಷ್ಯ ಬಂದದ್ದು ಸೂತ್ರಬದ್ಧ ಹುಡುಕಾಟವನ್ನೇ ನಂಬುವ ವೈದ್ಯಕೀಯದೊಳಗಿಂದ. ಟ್ರಿಶ್ ಗ್ರೀನ್‌ಹಾಲ್ ಮತ್ತು ರಿಚರ್ಡ್ ಪೀಕಾಕ್ 2005ರಲ್ಲಿ ತಮ್ಮದೇ ಸಮೀಕ್ಷೆಯ ಲೆಕ್ಕ ಒಪ್ಪಿಸಿದರು. ಆರೋಗ್ಯ ಸಂಸ್ಥೆಗಳಲ್ಲಿ ಹೊಸ ಪದ್ಧತಿಗಳು ಹೇಗೆ ಹರಡುತ್ತವೆ ಎಂಬುದು ಅವರ ವಿಷಯ. ಮೊದಲೇ ನಿಗದಿ ಮಾಡಿದ ಹುಡುಕಾಟದಿಂದ ಸಿಕ್ಕ ಆಕರ ಶೇ 30, ಉಲ್ಲೇಖಗಳ ಬೆನ್ನುಹತ್ತಿ ಸಿಕ್ಕದ್ದು ಶೇ 51, ವೈಯಕ್ತಿಕ ತಿಳಿವಳಿಕೆ ಮತ್ತು ಪರಿಚಯಗಳಿಂದ ಬಂದದ್ದು ಶೇ 24. ಹತ್ತಾರು ಶಾಸ್ತ್ರಗಳಿಗೆ ಹಂಚಿಹೋದ ಅಂಥ ವಿಷಯಕ್ಕೆ ನೆಲೆನಿಂತ ಪದಕೋಶವೇ ಇರುವುದಿಲ್ಲ. ಒಂದು ನಿರ್ದಿಷ್ಟ ಔಷಧದ ಬಗ್ಗೆ ಹುಡುಕಿದ್ದರೆ ಈ ಅಂಕಿಗಳು ಹೀಗಿರುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ನಮ್ಮ ಸಮಾಜಶಾಸ್ತ್ರ, ಜಾನಪದ, ಸಾಹಿತ್ಯ ವಿಭಾಗಗಳ ವಿಷಯಗಳು ಮಾತ್ರ ಬಹುತೇಕ ಗ್ರೀನ್‌ಹಾಲ್ ಅವರ ಬಗೆಯವು. ಅಲ್ಲಿ ಮೊದಲ ದಿನ ಬರೆದ ಕೀವರ್ಡ್ ಪಟ್ಟಿಯನ್ನೇ ಕೊನೆಯವರೆಗೆ ನೆಚ್ಚುವುದು ಸೋಮಾರಿತನ. ನಾಲ್ಕು ಒಳ್ಳೆಯ ಪ್ರಬಂಧ ಸಿಕ್ಕ ಮೇಲೆ ಅವುಗಳ ಶೀರ್ಷಿಕೆ, ಸಾರಾಂಶ, ಡೇಟಾಬೇಸ್ ಕೊಟ್ಟ ವಿಷಯ ಶೀರ್ಷಿಕೆಗಳಿಂದ ಪದ ಆಯ್ದು ಮತ್ತೆ ಹುಡುಕಬೇಕು.

ಯಂತ್ರದ ಲೆಕ್ಕ

ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ತೋರಿಸಿದ ಸೂತ್ರ ಸರಳ: ಎಲ್ಲ ದಾಖಲೆಗಳಲ್ಲೂ ಬರುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ತೂಕ ಹೆಚ್ಚು. ಫಲಿತಾಂಶಗಳನ್ನು ಪ್ರಸಕ್ತತೆಯ ಕ್ರಮದಲ್ಲಿ ಜೋಡಿಸುವ ಬಹುತೇಕ ವ್ಯವಸ್ಥೆಗಳ ತಳದಲ್ಲಿ ಈ ವಿಚಾರದ ಯಾವುದೋ ರೂಪವಿದೆ. ‘ಪರಿಣಾಮ’, ‘ಅಧ್ಯಯನ’, ‘ಪಾತ್ರ’ ಎಂಬಂಥ ಪದಗಳನ್ನು ಕೀವರ್ಡ್ ಮಾಡಿಕೊಂಡವರಿಗೆ ಪ್ರಯೋಜನವಾಗದಿರುವುದು ಇದೇ ಕಾರಣಕ್ಕೆ.

2004ರಲ್ಲಿ ಗೂಗಲ್ ಸ್ಕಾಲರ್ ಬಂದ ಮೇಲೆ ಸೂತ್ರ ಕಟ್ಟದೆ ವಾಕ್ಯವನ್ನೇ ಟೈಪ್ ಮಾಡುವ ಅಭ್ಯಾಸ ಬೇರೂರಿತು. ಮೊದಲ ಪುಟಕ್ಕೆ ಅದು ಚೆನ್ನ. ಆದರೆ ಎಷ್ಟೇ ಲಕ್ಷ ಸಿಕ್ಕಿತೆಂದರೂ ಅದು ತೋರಿಸುವುದು ಮೊದಲ ಸಾವಿರವನ್ನಷ್ಟೇ, ಒಪ್ಪಿತ ಶೀರ್ಷಿಕೆಗಳ ಆಸರೆಯೂ ಅಲ್ಲಿಲ್ಲ. ಈಗ ಭಾಷಾ ಮಾದರಿಗಳು ‘ಆ್ಯಂಡ್’, ‘ಆರ್’ಗಳಿಂದ ಕಟ್ಟುವ ಬೂಲಿಯನ್ ಸೂತ್ರವನ್ನೂ ಬರೆದುಕೊಡುತ್ತಿವೆ. 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಚಾಟ್‌ಜಿಪಿಟಿಯನ್ನು ಪರೀಕ್ಷಿಸಿದಾಗ ಪ್ರಿಸಿಷನ್ ಮೇಲೇರಿ ರಿಕಾಲ್ ಇಳಿದಿತ್ತು. ಒಂದೇ ಕೋರಿಕೆಗೆ ಬೇರೆ ಬೇರೆ ಸೂತ್ರ ಬಂದಿತ್ತು, ಕೆಲವು ಮೆಶ್ ಪದಗಳು ಪಟ್ಟಿಯಲ್ಲೇ ಇರಲಿಲ್ಲ. ಇತ್ತ ಮೆಶ್ ಶೀರ್ಷಿಕೆ ಹಚ್ಚುವ ಕೆಲಸವೂ 2022ರಿಂದ ಯಂತ್ರಕ್ಕೆ ಹೋಗಿದೆ. ಬರೆದವರ ಮಾತಿಗೂ ಪಟ್ಟಿಯ ಮಾತಿಗೂ ನಡುವೆ ಕೂರುತ್ತಿದ್ದ ಮನುಷ್ಯ ಎದ್ದು ಹೋದಂತಾಗಿದೆ.

ಬಗೆಹರಿಯದವು

ಎಲ್ಲಿ ನಿಲ್ಲಿಸಬೇಕು ಎಂಬುದು ಮೊದಲ ಪ್ರಶ್ನೆ. ಬಿಟ್ಟುಹೋದದ್ದು ಎಷ್ಟೆಂದು ತಿಳಿಯದೆ ರಿಕಾಲ್ ಲೆಕ್ಕ ಸಿಗುವುದಿಲ್ಲ, ಬಿಟ್ಟುಹೋದದ್ದು ತಿಳಿದಿದ್ದರೆ ಅದು ಬಿಟ್ಟುಹೋಗುತ್ತಲೇ ಇರಲಿಲ್ಲ. ಹೊಸ ಪದ ಹಾಕಿದರೂ ಹೊಸ ಪ್ರಬಂಧ ಬಾರದಾದಾಗ ಸಾಕು ಎಂಬುದು ಕೆಲಸದ ನಿಯಮ, ಸಿದ್ಧಾಂತವೇನಲ್ಲ.

ಎರಡನೆಯದು ಪುನರಾವರ್ತನೆ. ಸಮೀಕ್ಷಾ ಪ್ರಬಂಧಗಳಿಗೆಂದು ರೂಪಿಸಿದ 2020ರ ಪ್ರಿಸ್ಮಾ ಮಾರ್ಗಸೂಚಿ ಪ್ರತಿ ಡೇಟಾಬೇಸ್‌ನಲ್ಲಿ ಬಳಸಿದ ಪೂರ್ತಿ ಸೂತ್ರವನ್ನು ಪ್ರಕಟಿಸಲು ಹೇಳುತ್ತದೆ, ಇನ್ನೊಬ್ಬರು ಅದನ್ನೇ ಓಡಿಸಿ ನೋಡಲೆಂದು. ಅರ್ಥ ಹಿಡಿದು ಹುಡುಕುವ, ದಿನಕ್ಕೊಂದು ಕ್ರಮ ಕೊಡುವ ಹೊಸ ಸಾಧನಗಳಲ್ಲಿ ಏನನ್ನು ಪ್ರಕಟಿಸಬೇಕು? ಇದಕ್ಕೆ ಒಮ್ಮತವಿಲ್ಲ.

ಮೂರನೆಯದು ಕನ್ನಡದ್ದೇ. ನಕ್ಷತ್ರ ಹಾಕಿ ಬಾಲ ಕತ್ತರಿಸುವ ಉಪಾಯ ಇಂಗ್ಲಿಷಿನ ಅಳತೆಗೆ ಹೊಲಿದದ್ದು. ‘ಊರು’ ಎಂಬುದಕ್ಕೆ ನಕ್ಷತ್ರ ಹಚ್ಚಿದರೆ ಊರಿಗೆ, ಊರಲ್ಲಿ, ಊರಿನ ಯಾವುದೂ ಬರುವುದಿಲ್ಲ, ಉಕಾರ ಅಲ್ಲೇ ಬಿದ್ದುಹೋಗಿರುತ್ತದೆ. ‘ಮರ’ಕ್ಕೆ ಹಚ್ಚಿದರೆ ಮರಣವೂ ಮರಳೂ ಬರುತ್ತವೆ. ‘ಕಾಲ’ ಎಂದು ಹುಡುಕಿದವರಿಗೆ ಮಳೆಗಾಲ ಸಿಗದು. ಯುನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳು. ಹೊರದೇಶದ ಗ್ರಂಥಾಲಯಗಳಲ್ಲಿ ಇನ್ನೊಂದು ತೊಡಕು. ಅಮೆರಿಕದ ಲಿಪ್ಯಂತರ ನಿಯಮದಲ್ಲಿ ‘ಚ’ಕ್ಕೆ ಸಿ ಅಕ್ಷರ ಮಾತ್ರ, ಎಚ್ ಇಲ್ಲ. ಅಲ್ಲಿನ ಕ್ಯಾಟಲಾಗಿನಲ್ಲಿ ಕಾರಂತರ ‘ಚೋಮನ ದುಡಿ’ಯನ್ನು ನಾವು ಬರೆಯುವ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದವರು ಬರಿಗೈಯಲ್ಲಿ ಮರಳಬಹುದು.

ಹುಡುಕುವ ಯಂತ್ರವೇ ಸಂಧಿ ಬಿಡಿಸಿ, ಪ್ರತ್ಯಯ ಕಳಚಿ ಹೊಂದಿಸಬೇಕೋ, ಅಥವಾ ಮೆಶ್‌ನಂತೆ ಕನ್ನಡದ ವಿದ್ವತ್ ಬರಹಕ್ಕೂ ಒಪ್ಪಿತ ಪದಗಳ ಪಟ್ಟಿಯೊಂದನ್ನು ಕಟ್ಟಬೇಕೋ? ಕಟ್ಟುವುದಾದರೆ ಬಗರ್ ಹುಕುಂ, ಗೇಣಿ, ಒಕ್ಕಲು ಎಂಬ ಬಳಕೆಯ ಪದಗಳು ಶೀರ್ಷಿಕೆಯಾಗಬೇಕೋ, ಪಾರಿಭಾಷಿಕ ಕೋಶದವು ಆಗಬೇಕೋ? ಮಂಗಳೂರು, ಧಾರವಾಡ, ಮೈಸೂರುಗಳ ಬೇರೆ ಬೇರೆ ರೂಢಿಗಳಲ್ಲಿ ಯಾವುದು ತಲೆಪದ, ಯಾವುದು ‘ನೋ​ಡಿ’ ಎಂಬ ಕೈಮರದ ಪದ? ಕ್ರ್ಯಾನ್‌ಫೀಲ್ಡ್‌ನಲ್ಲಿ ಇಂಗ್ಲಿಷಿಗೆ ಮಾಡಿದ ಪರೀಕ್ಷೆಯನ್ನು ಕನ್ನಡದ ಪ್ರಬಂಧಗಳ ಮೇಲೆ ಮಾಡಿದರೆ ಬಿಡಿ ಪದಗಳೇ ಗೆಲ್ಲುತ್ತವೆಯೇ? ಪ್ರತ್ಯಯಗಳ ಈ ಪ್ರಮಾಣ ನೋಡಿದರೆ ನನಗೆ ಅನುಮಾನವಿದೆ.